ಮಂಕರಿ ಮಣ್ಣಿನ ಲೆಕ್ಕ

ಸ್ವೀಡನ್ನಿನಲ್ಲಿಯೋ, ಜರ್ಮನಿಯಲ್ಲಿಯೋ, ಅಮೆರಿಕದ ಯಾವುದೋ ಸಣ್ಣ ಊರಿನಲ್ಲಿಯೋ ಒಂದು ಮನೆ. ರಾತ್ರಿಯ ಊಟ ಮುಗಿದಿದೆ. ಮನೆಯ ಯಜಮಾನ ಗಣಕಯಂತ್ರದ ಮುಂದೆ ಕುಳಿತಿದ್ದಾನೆ. ತೆರೆಯ ಮೇಲೆ ಹಸಿರು ಗುಡ್ಡವೊಂದು ಕಾಣುತ್ತಿದೆ. ಗುಡ್ಡದ ಓರೆಯಲ್ಲಿ ಸನಿಕೆ ಹಿಡಿದ ಆಕೃತಿಯೊಂದು ನಿಂತಿದೆ. ಸನಿಕೆ ಏಳುತ್ತದೆ, ಇಳಿಯುತ್ತದೆ, ಮತ್ತೆ ಏಳುತ್ತದೆ. ಹಿಂದೆ ಬಂದು ನಿಂತ ಹೆಂಡತಿ ಸ್ವಲ್ಪ ಹೊತ್ತು ನೋಡುತ್ತಾಳೆ. ಶತ್ರುವಿಲ್ಲ, ಓಟದ ಸ್ಪರ್ಧೆಯಿಲ್ಲ, ಗೆಲುವಿನ ಅಂಕಿಯೂ ಇಲ್ಲ. ಏನು ನಡೆಯುತ್ತಿದೆಯೆಂದು ಕೇಳಿದರೆ, ಮನೆ ಕಟ್ಟುವುದಕ್ಕಾಗಿ ನೆಲ ಮಟ್ಟ ಮಾಡುತ್ತಿರುವುದಾಗಿ ಉತ್ತರ ಬರುತ್ತದೆ. ನಾಲ್ಕು ದಿನಗಳ ಹಿಂದೆಯೂ ಇದೇ ಉತ್ತರ ಬಂದಿತ್ತು.

ಆಟವೆಂದರೆ ದುಡಿಮೆಯಿಂದ ಬಿಡುಗಡೆ ಎಂಬುದು ಲೋಕದ ತಿಳಿವಳಿಕೆ. ಹಗಲೆಲ್ಲ ಕಚೇರಿಯಲ್ಲಿ ದುಡಿದು ಬಂದವನು ರಾತ್ರಿ ಮಣ್ಣು ಹೊರುವ ಆಟಕ್ಕೆ ಕುಳಿತರೆ ನೋಡುವವರಿಗೆ ನಗು ಬರುವುದು ಸಹಜ. ಆದರೆ ಆ ಮಣ್ಣಿನ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿದರೆ, ನಗುವಿಗಿಂತ ಕುತೂಹಲವೇ ಹೆಚ್ಚಾಗುತ್ತದೆ.

ಮರಳಿನಾಟದ ಹಿರಿಯ ರೂಪ

ಪಾಶ್ಚಾತ್ಯ ದೇಶಗಳಲ್ಲಿ ಮನೆಯ ಹಿತ್ತಲಿನಲ್ಲಿ ಹಲಗೆಯ ಚೌಕಟ್ಟು ಕಟ್ಟಿ, ಅದರಲ್ಲಿ ಮರಳು ತುಂಬಿ ಮಕ್ಕಳನ್ನು ಆಡಲು ಬಿಡುವ ವಾಡಿಕೆಯುಂಟು. ಅದಕ್ಕೆ ಸ್ಯಾಂಡ್‌ಬಾಕ್ಸ್ ಎಂದು ಹೆಸರು. ಮರಳಿನಲ್ಲಿ ಏನು ಮಾಡಬೇಕೆಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಒಬ್ಬನು ಗೋಪುರ ಕಟ್ಟುತ್ತಾನೆ, ಇನ್ನೊಬ್ಬನು ಕಾಲುವೆ ತೋಡುತ್ತಾನೆ. ಗಣಕಯಂತ್ರದ ಆಟಗಳಲ್ಲಿಯೂ ಹೀಗೆ ಗುರಿಯನ್ನು ಆಟಗಾರನಿಗೇ ಬಿಟ್ಟುಕೊಡುವ ಬಗೆಯೊಂದಿದೆ; ಹೆಸರೂ ಅದೇ. ‘ವುರ್ಮ್ ಆನ್‌ಲೈನ್’ ಎಂಬುದು ಈ ಬಗೆಗೆ ಸೇರಿದ ಆಟ.

ಸ್ವೀಡನ್ನಿನ ರೋಲ್ಫ್ ಯಾನ್ಸನ್ ಮತ್ತು ಮಾರ್ಕಸ್ ಪರ್ಸನ್ ಎಂಬ ಇಬ್ಬರು 2003ರಲ್ಲಿ ಇದರ ಕೆಲಸಕ್ಕೆ ತೊಡಗಿದರು. 2006ರಲ್ಲಿ ಆಟವು ಪೂರ್ಣರೂಪದಲ್ಲಿ ಹೊರಬಂದಿತು. ಮರುವರ್ಷ ಪರ್ಸನ್ ಅದನ್ನು ಬಿಟ್ಟು ತನ್ನ ದಾರಿ ಹಿಡಿದನು. 2009ರಲ್ಲಿ ಅವನ ಕೈಯಿಂದ ಹೊರಬಂದ ‘ಮೈನ್‌ಕ್ರಾಫ್ಟ್’ ಇಂದು ಜಗತ್ತಿನ ಮಕ್ಕಳೆಲ್ಲ ಬಲ್ಲ ಹೆಸರು. ಅವನ ಸಂಸ್ಥೆಯಾದ ಮೊಯಾಂಗನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ತಮ್ಮನು ಕೀರ್ತಿವಂತನಾದ ಮೇಲೂ ಅಣ್ಣನು ಊರಿನಲ್ಲೇ ಉಳಿದು ಹೊಲ ನೋಡಿಕೊಂಡಂತೆ, ವುರ್ಮ್ ತನ್ನ ಪುಟ್ಟ ಬಳಗದೊಡನೆ ಹಾಗೆಯೇ ಮುಂದುವರಿಯಿತು.

ಎರಡೂ ಆಟಗಳಲ್ಲಿ ಅಗೆತವುಂಟು. ಆದರೆ ಅಗೆತಕ್ಕೂ ಅಗೆತಕ್ಕೂ ಬಹಳ ಅಂತರ. ಮೈನ್‌ಕ್ರಾಫ್ಟ್‌ನ ನೆಲವು ಮೀಟರಿನ ಘನಾಕೃತಿಗಳಿಂದ ಆದದ್ದು. ಬರಿಗೈಯಿಂದ ಹೊಡೆದರೂ ಒಂದು ಘನಮೀಟರು ಮಣ್ಣು ಒಂದು ಕ್ಷಣದಲ್ಲಿ ಎದ್ದು ಬರುತ್ತದೆ. ಚೀಲದ ಒಂದು ಖಾನೆಯಲ್ಲಿ ಅಂಥ 64 ತುಂಡುಗಳು ಹಿಡಿಸುತ್ತವೆ, ಖಾನೆಗಳು 36. ಅಂದರೆ 2,304 ಘನಮೀಟರು ಮಣ್ಣನ್ನು ಬೆನ್ನಿಗೆ ಹಾಕಿಕೊಂಡು ಆಟಗಾರನು ಕುಣಿಯುತ್ತ ಓಡಬಲ್ಲನು. ಕೆಳಗಿನ ಮಣ್ಣನ್ನು ತೆಗೆದರೂ ಮೇಲಿನ ಮಣ್ಣು ಆಕಾಶದಲ್ಲಿ ಹಾಗೆಯೇ ನಿಂತಿರುತ್ತದೆ. ಮಕ್ಕಳಿಗೆ ಇದು ಸ್ವರ್ಗವೇ ಸರಿ. ವುರ್ಮ್‌ನ ನೆಲಕ್ಕೆ ಇಂಥ ಔದಾರ್ಯವಿಲ್ಲ.

ಒಂದು ಮೂಲೆ, ನಾಲ್ಕು ಚೌಕ

ವುರ್ಮ್‌ನ ಭೂಮಿಯನ್ನು ನಾಲ್ಕು ಮೀಟರು ಉದ್ದ, ನಾಲ್ಕು ಮೀಟರು ಅಗಲದ ಚೌಕಗಳಾಗಿ ವಿಂಗಡಿಸಿದೆ. ಎತ್ತರವನ್ನು ಅಳೆಯುವುದು ಚೌಕದ ನಡುವಿನಲ್ಲಲ್ಲ, ಮೂಲೆಗಳಲ್ಲಿ. ನಾಲ್ಕು ಮೂಲೆಗಳ ಎತ್ತರ ಒಂದೇ ಆಗಿದ್ದರೆ ಆ ಚೌಕ ಮಟ್ಟಸ, ಇಲ್ಲವಾದರೆ ಓರೆ. ಮನೆ ಕಟ್ಟಲು ಮಟ್ಟಸವಾದ ನೆಲವೇ ಬೇಕು. ಆಟಗಾರನು ಸನಿಕೆಯಿಂದ ಒಮ್ಮೆ ಅಗೆದರೆ ಅವನಿಗೆ ಹತ್ತಿರವಿರುವ ಮೂಲೆ ಹತ್ತು ಸೆಂಟಿಮೀಟರಿನಷ್ಟು ತಗ್ಗುತ್ತದೆ, ಒಂದು ಮಂಕರಿಯಷ್ಟು ಮಣ್ಣು ಅವನ ಚೀಲಕ್ಕೆ ಬಂದು ಬೀಳುತ್ತದೆ. ಅದರ ತೂಕ 20 ಕಿಲೋಗ್ರಾಂ. ಅದೇ ಮಂಕರಿಯನ್ನು ಇನ್ನೊಂದು ಮೂಲೆಯಲ್ಲಿ ಸುರಿದರೆ ಆ ಮೂಲೆ ಅಷ್ಟೇ ಎತ್ತರಕ್ಕೆ ಏರುತ್ತದೆ.

ಇಲ್ಲಿಯೂ ಆಟವು ಮನುಷ್ಯನ ಬೆನ್ನಿನ ಮೇಲೆ ಕರುಣೆ ತೋರಿಸದೆ ಇಲ್ಲ. ಹದಿನಾರು ಚದರಮೀಟರು ನೆಲವನ್ನು ಹತ್ತು ಸೆಂಟಿಮೀಟರು ತಗ್ಗಿಸಬೇಕಾದರೆ ನಿಜವಾದ ಭೂಮಿಯಲ್ಲಿ 1.6 ಘನಮೀಟರು ಮಣ್ಣನ್ನು ತೆಗೆಯಬೇಕು. ಅದರ ತೂಕ ಎರಡು ಟನ್ನಿಗೂ ಮಿಕ್ಕುತ್ತದೆ. ಆಟದ ಮಣ್ಣು ಇದರ ನೂರರಲ್ಲಿ ಒಂದು ಪಾಲಿಗಿಂತಲೂ ಹಗುರ. ಹಾಗಿದ್ದರೂ ಹೊತ್ತ ಮಂಕರಿಗಳು ಹೆಚ್ಚಿದಂತೆ ಆಟಗಾರನ ನಡಿಗೆ ನಿಧಾನವಾಗುತ್ತದೆ. ಕೆಲವೇ ಮಂಕರಿಗಳಾದ ಮೇಲೆ ಅವನು ಅಗೆಯುವುದನ್ನು ನಿಲ್ಲಿಸಿ, ಹೊತ್ತದ್ದನ್ನು ಎಲ್ಲಿ ಇಳಿಸಲೆಂದು ಯೋಚಿಸಬೇಕು. ಅನುಕೂಲವಂತರು ಎತ್ತನ್ನೋ ಕುದುರೆಯನ್ನೋ ಹೂಡಿದ ಬಂಡಿ ತರುತ್ತಾರೆ.

ಆದರೆ ನಿಜವಾದ ಪಾಠ ಇರುವುದು ಮೂಲೆಯಲ್ಲಿ. ಒಂದು ಮೂಲೆಯೆಂದರೆ ನಾಲ್ಕು ಚೌಕಗಳು ಕೂಡುವ ಸ್ಥಳ. ಅದನ್ನು ತಗ್ಗಿಸಿದರೆ ನಾಲ್ಕೂ ಚೌಕಗಳ ರೂಪ ಬದಲಾಗುತ್ತದೆ. ಒಂದನ್ನು ಮಟ್ಟ ಮಾಡಹೊರಟವನು ಉಳಿದ ಮೂರನ್ನು ಮುಟ್ಟದೆ ಇರಲಾರನು. ‘ನನ್ನ ನೆಲವನ್ನಷ್ಟೇ ಸರಿಮಾಡಿಕೊಳ್ಳುತ್ತೇನೆ’ ಎಂಬ ಮಾತಿಗೆ ಆ ಲೋಕದಲ್ಲಿ ಅರ್ಥವೇ ಇಲ್ಲ.

ಕಡಿಯುವುದು, ತುಂಬುವುದು

ಹೊಸದಾಗಿ ಬಂದ ಆಟಗಾರನೊಬ್ಬನು ಗುಡ್ಡದ ಓರೆಯಲ್ಲಿ ಹತ್ತು ಚೌಕ ಉದ್ದ, ಹತ್ತು ಚೌಕ ಅಗಲದ ನಿವೇಶನವನ್ನು ಆರಿಸಿಕೊಂಡನೆಂದು ಇಟ್ಟುಕೊಳ್ಳಬಹುದು. ನಲವತ್ತು ಮೀಟರಿಗೆ ನಲವತ್ತು ಮೀಟರು. ಸಂಸಾರಸ್ಥನಿಗೆ ಮನೆ, ಹಿತ್ತಲು, ಕೊಟ್ಟಿಗೆ ಎಲ್ಲಕ್ಕೂ ಸಾಲುವಷ್ಟು ಜಾಗ. ಪ್ರತಿ ಚೌಕಕ್ಕೂ ನೆಲ ನಾಲ್ಕು ಮಂಕರಿಯಷ್ಟು, ಅಂದರೆ ನಲವತ್ತು ಸೆಂಟಿಮೀಟರು, ಏರುತ್ತ ಹೋಗುತ್ತದೆ. ಕೆಳಗಿನ ಅಂಚಿಗಿಂತ ಮೇಲಿನ ಅಂಚು ನಾಲ್ಕು ಮೀಟರು ಎತ್ತರದಲ್ಲಿದೆ.

ಅನುಭವವಿಲ್ಲದವನು ಮಾಡುವ ಮೊದಲ ಕೆಲಸವೆಂದರೆ ಕೆಳಗಿನ ಅಂಚಿನಲ್ಲಿ ನಿಂತು, ಮೇಲಿನದನ್ನೆಲ್ಲ ಅದರ ಮಟ್ಟಕ್ಕೆ ಕಡಿಯತೊಡಗುವುದು. ಹತ್ತು ಚೌಕಗಳಿಗೆ ಹನ್ನೊಂದು ಸಾಲು ಮೂಲೆಗಳು; ಕೆಳಗಿನ ಸಾಲನ್ನು ಬಿಟ್ಟು ಉಳಿದ ಸಾಲುಗಳಲ್ಲಿ ಕಡಿಯಬೇಕಾದದ್ದು ಕ್ರಮವಾಗಿ 4, 8, 12 ಎಂದು 40ರವರೆಗೆ. ಅವುಗಳ ಮೊತ್ತ 220. ಅಡ್ಡಲಾಗಿಯೂ ಹನ್ನೊಂದು ಮೂಲೆಗಳಿರುವುದರಿಂದ ಒಟ್ಟು 2,420 ಮಂಕರಿ. ತೂಕದ ಲೆಕ್ಕದಲ್ಲಿ 48,400 ಕಿಲೋಗ್ರಾಂ. ಇಷ್ಟನ್ನೂ ಅಗೆದದ್ದು ಸಾಲದೆಂಬಂತೆ ಬೇರೆಡೆಗೆ ಹೊತ್ತುಹಾಕಬೇಕು. ಮೇಲಿನ ಅಂಚಿನ ಮಟ್ಟಕ್ಕೆ ತುಂಬಿಸಹೊರಟರೂ ಲೆಕ್ಕ ಅಷ್ಟೇ. 2,420 ಮಂಕರಿ ಮಣ್ಣನ್ನು ಎಲ್ಲಿಂದಲಾದರೂ ತರಬೇಕು.

ಎರಡು ವಾರ ಬೆವರಿಲ್ಲದೆ ಬಳಲಿದ ಮೇಲೆ ಅವನಿಗೆ ಹಳಬರು ಯಾರಾದರೂ ಗುಟ್ಟನ್ನು ಹೇಳಿಕೊಡುತ್ತಾರೆ: ನಿಲ್ಲಬೇಕಾದದ್ದು ನಡುವಿನ ಸಾಲಿನಲ್ಲಿ. ಮೇಲಿನ ಐದು ಸಾಲುಗಳನ್ನು ಆ ಮಟ್ಟಕ್ಕೆ ಕಡಿದು, ಬಂದ ಮಣ್ಣಿನಿಂದಲೇ ಕೆಳಗಿನ ಐದು ಸಾಲುಗಳನ್ನು ತುಂಬಿಸಬೇಕು. ಆಗ ಕಡಿಯುವುದು 660 ಮಂಕರಿ, ತುಂಬುವುದು ಅದೇ 660 ಮಂಕರಿ. ಹೊರಗಿನಿಂದ ತರುವುದಿಲ್ಲ, ಹೊರಗೆ ಸಾಗಿಸುವುದೂ ಇಲ್ಲ. ರಸ್ತೆ, ರೈಲುದಾರಿಗಳನ್ನು ಹಾಕುವ ಎಂಜಿನಿಯರುಗಳು ದಿಬ್ಬದ ಮಣ್ಣಿನಿಂದ ತಗ್ಗನ್ನು ತುಂಬಲು ಲೆಕ್ಕ ಹಾಕುವುದು ಇದೇ ರೀತಿಯಲ್ಲಿ. ಶಾಲೆಯಲ್ಲಿ ಸರಾಸರಿಯ ಲೆಕ್ಕವನ್ನು ಬೇಸರದಿಂದ ಮಾಡಿದವನು ಈ ಗುಡ್ಡದ ಮೇಲೆ ಅದರ ಬೆಲೆಯನ್ನು ಅರಿಯುತ್ತಾನೆ. ಸರಾಸರಿಯನ್ನು ಮೊದಲೇ ಕಂಡುಕೊಂಡವನಿಗೆ ಮುಕ್ಕಾಲು ಪಾಲು ಅಗೆತ ಉಳಿಯಿತು.

ನೆರೆಯವನ ಎದುರಿನ ಗೋಡೆ

ಹೀಗೆ ನಿವೇಶನವೇನೋ ಮಟ್ಟಸವಾಯಿತು. ಆದರೆ ಓರೆ ಎಲ್ಲಿಗೆ ಹೋಯಿತು? ಅದು ಹೋಗಲಿಲ್ಲ, ಅಂಚುಗಳಿಗೆ ಸರಿಯಿತು, ಅಷ್ಟೆ. ಮೊದಲು ಹತ್ತು ಚೌಕಗಳಲ್ಲಿ ಹರಡಿಕೊಂಡಿದ್ದ ಏರು ಈಗ ಎರಡು ಅಂಚುಗಳಲ್ಲಿ ಒಟ್ಟುಗೂಡಿದೆ. ಕೆಳಗಿನ ಅಂಚಿನ ಆಚೆ, ಮೊದಲು ನಲವತ್ತು ಸೆಂಟಿಮೀಟರು ಮಾತ್ರ ಇಳಿಯುತ್ತಿದ್ದ ಒಂದೇ ಚೌಕ ಈಗ 2.4 ಮೀಟರು ಇಳಿಯುತ್ತದೆ. ಮೇಲಿನ ಅಂಚಿನಲ್ಲಿಯೂ ಅಷ್ಟೇ ಎತ್ತರದ ಕಡಿದಾದ ದರೆ.

ಆ ಚೌಕದ ಮೇಲೆ ಊರಿನವರು ಗುಡ್ಡ ಹತ್ತುವ ಬಂಡಿದಾರಿಯೊಂದು ಹಾದುಹೋಗಿದ್ದರೆ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ. ಈ ಲೋಕವು ಒಬ್ಬೊಬ್ಬನಿಗೆ ಒಂದೊಂದಾಗಿ ಇರುವುದಲ್ಲ. ಎಲ್ಲರಿಗೂ ಸೇರಿ ಒಂದೇ. ಒಬ್ಬನು ಮಲಗಿದಾಗಲೂ ಅವನ ಗುಡ್ಡ ಇನ್ನೊಬ್ಬನ ಕಣ್ಣೆದುರು ನಿಂತಿರುತ್ತದೆ. ಸಂಜೆ ಬಂಡಿ ಹೂಡಿಕೊಂಡು ಬಂದವನಿಗೆ ನಿನ್ನೆಯವರೆಗೆ ಇದ್ದ ದಾರಿ ಇಂದು ಗೋಡೆಯಂತೆ ಎದುರು ನಿಂತರೆ ಅವನ ಕೋಪವೇನೂ ಆಟದ ಕೋಪವಲ್ಲ. ಅಗೆದವನಾದರೋ ಯಾರಿಗೂ ಕೇಡು ಬಗೆದವನಲ್ಲ. ತನ್ನ ನೆಲದ ಕಡೆ ನೋಡಿದನೇ ಹೊರತು ಅದರ ಅಂಚಿನ ಕಡೆ ನೋಡಲಿಲ್ಲ. ನೆರೆಹೊರೆಯ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಹೀಗೆಯೇ ಅಲ್ಲವೆ?

ಆಟದ ಕಟ್ಟಳೆಗಳೂ ಇದಕ್ಕೆ ಸ್ವಲ್ಪ ಅಡ್ಡ ಬರುತ್ತವೆ. ಹಣ ತೆತ್ತು ತನ್ನ ಹಳ್ಳಿಯೆಂದು ದಾಖಲು ಮಾಡಿಸಿಕೊಂಡ ನೆಲದಲ್ಲಿ ಅನುಮತಿಯಿಲ್ಲದೆ ಹೊರಗಿನವರು ಅಗೆಯುವಂತಿಲ್ಲ. ಆದರೆ ಹಳ್ಳಿ ಹಳ್ಳಿಗಳ ನಡುವೆ ಯಾರಿಗೂ ಸೇರದ ಬಯಲು ಇದ್ದೇ ಇರುತ್ತದೆ. ಅಲ್ಲಿ ಕಾನೂನು ನಿಲ್ಲುತ್ತದೆ. ಮರ್ಯಾದೆ ಮಾತ್ರ ಉಳಿಯುತ್ತದೆ.

ಮರ್ಯಾದಸ್ಥನಾದ ಆಟಗಾರನು ಆಗ ಎರಡನೆಯ ಗುಟ್ಟನ್ನು ಕಲಿಯುತ್ತಾನೆ. ಅದು ಗುಡ್ಡಗಾಡಿನ ರೈತರಿಗೆ ಸಾವಿರಾರು ವರ್ಷಗಳಿಂದ ತಿಳಿದದ್ದು: ಒಂದು ದೊಡ್ಡ ಬಯಲಿನ ಬದಲು ಎರಡು ಮೆಟ್ಟಿಲು. ಅದೇ ನಿವೇಶನದಲ್ಲಿ ಕೆಳಗಿನ ಐದು ಚೌಕಗಳನ್ನು ಒಂದು ಮಟ್ಟಕ್ಕೂ ಮೇಲಿನ ನಾಲ್ಕು ಚೌಕಗಳನ್ನು ಇನ್ನೊಂದು ಮಟ್ಟಕ್ಕೂ ತಂದು, ನಡುವಿನ ಒಂದು ಸಾಲು ಚೌಕಗಳನ್ನು ಇಳಿಜಾರಿಗೆ ಬಿಟ್ಟುಕೊಟ್ಟರೆ ಕಡಿಯಬೇಕಾದದ್ದು 330 ಮಂಕರಿ ಮಾತ್ರ. ಶ್ರಮ ಮತ್ತೆ ಅರ್ಧಕ್ಕೆ ಇಳಿಯಿತು. ಕೆಳಗಿನ ಅಂಚಿನ ಇಳುಕಲು 2.4 ಮೀಟರಿನಿಂದ 1.4 ಮೀಟರಿಗೆ ಬಂದಿತು. ಕಳೆದುಕೊಂಡದ್ದು ನೂರು ಚೌಕಗಳಲ್ಲಿ ಹತ್ತು. ತನ್ನ ಹತ್ತು ಚೌಕಗಳನ್ನು ತಾನೇ ಓರೆಗೆ ಬಿಟ್ಟವನು ನೆರೆಯವರಿಗೆ ದಾಟಿಸಬೇಕಾಗಿದ್ದ ಕಷ್ಟದಲ್ಲಿ ಒಂದು ಪಾಲನ್ನು ತನ್ನ ಮನೆಯೊಳಗೇ ಇಟ್ಟುಕೊಂಡಂತಾಯಿತು.

ಸನಿಕೆಗೆ ಬಗ್ಗದ ನೆಲ

ಎಷ್ಟು ಲೆಕ್ಕ ಹಾಕಿದರೂ ನೆಲವು ತನ್ನ ಮಾತನ್ನು ನಡುವೆ ಸೇರಿಸದೆ ಬಿಡುವುದಿಲ್ಲ. ಮಣ್ಣಿನ ಕೆಳಗೆ ಬಂಡೆಯಿದೆ. ಅದು ಎಷ್ಟು ಆಳದಲ್ಲಿದೆಯೆಂಬುದು ಹುಲ್ಲಿನ ಮೇಲಿನಿಂದ ಕಾಣುವುದಿಲ್ಲ. ಒಂದು ಮೂಲೆ ಬಂಡೆಗೆ ತಾಗಿತೆಂದರೆ ಅಲ್ಲಿ ಸನಿಕೆಯ ಕೆಲಸ ಮುಗಿಯಿತು. ಪಿಕಾಸಿಯಿಂದ ಕಲ್ಲು ಒಡೆಯಬೇಕು, ಮಟ್ಟವನ್ನೇ ಬದಲಾಯಿಸಬೇಕು, ಅಥವಾ ಜಾಗವನ್ನೇ ಬಿಡಬೇಕು. ಆದುದರಿಂದ ಬಲ್ಲವರು ಮನೆಯ ನಕ್ಷೆ ಬರೆಯುವ ಮೊದಲು ನಾಲ್ಕಾರು ಕಡೆ ಅಗೆದು ನೋಡುತ್ತಾರೆ. ನೆಲವನ್ನು ಸಮುದ್ರದ ಮಟ್ಟಕ್ಕಿಂತ ಕೆಳಗೆ ಅಗೆದರೆ ಅಲ್ಲಿ ನೀರು ನಿಲ್ಲುತ್ತದೆ. ನೆಲಮಾಳಿಗೆಯ ಆಸೆಪಟ್ಟವನಿಗೆ ಇದು ತೊಂದರೆಯಾದರೆ, ದೋಣಿಯವನಿಗೆ ಇದೇ ವರ. ಹಲವರು ಕೂಡಿ ಭೂಮಿಯನ್ನು ಸೀಳಿ ತೋಡಿದ ಕಾಲುವೆಗಳಲ್ಲಿ ಆ ಲೋಕದ ದೋಣಿಗಳು ಓಡಾಡುತ್ತವೆ.

ಕೈಯ ಪಳಗುವಿಕೆಗೂ ಅಲ್ಲಿ ಒಂದು ಅಳತೆಯುಂಟು. ಅಗೆಯುವ ಕೌಶಲವನ್ನು ನೂರರವರೆಗಿನ ಅಂಕಿಯಲ್ಲಿ ತೋರಿಸುತ್ತಾರೆ. ಹೊಸಬನ ಅಂಕಿ ಬಹಳ ಕಡಿಮೆ; ಅಗೆದಷ್ಟೂ ಕೂದಲೆಳೆಯಷ್ಟು ಏರುತ್ತದೆ; ಮೇಲೆ ಹೋದಂತೆ ಏರಿಕೆ ಇನ್ನೂ ನಿಧಾನ. ಕೌಶಲ ಸಾಲದವನು ಕಡಿದಾದ ಓರೆಯಲ್ಲಿ ಅಗೆಯಲಾರನು. ಒಂದೇ ಮೂಲೆಯನ್ನು ಆತುರದಿಂದ ಆಳಕ್ಕೆ ಇಳಿಸಹೊರಟರೆ ಸುತ್ತಲ ಓರೆ ಹೆಚ್ಚಿ ಆಟವೇ ಅವನ ಕೈ ತಡೆಯುತ್ತದೆ. ಹೊಸಬನಿಗೆ ಇರುವುದು ಒಂದೇ ದಾರಿ: ಅಗಲವಾಗಿ, ಸ್ವಲ್ಪ ಸ್ವಲ್ಪವಾಗಿ, ಎಲ್ಲ ಮೂಲೆಗಳನ್ನೂ ಜೊತೆಯಲ್ಲಿ ಇಳಿಸಿಕೊಂಡು ಹೋಗುವುದು.

ಉಳಿಯುವುದು ಯಾವುದು?

ಇಷ್ಟೆಲ್ಲ ಶ್ರಮದಿಂದ ಕೈಗೆ ಸಿಕ್ಕಿದ್ದೇನು ಎಂದು ಗೃಹಿಣಿಯೊಬ್ಬಳು ಕೇಳಿದರೆ ಅದು ಅನ್ಯಾಯದ ಪ್ರಶ್ನೆಯಲ್ಲ. ತೆರೆಯ ಮೇಲೆ ಸಾವಿರ ಮಂಕರಿ ಹೊತ್ತವನ ತೋಳಿನಲ್ಲಿ ಒಂದು ನರವೂ ಗಟ್ಟಿಯಾಗುವುದಿಲ್ಲ. ಮಣ್ಣು ಸುಳ್ಳಾದರೂ ಅದಕ್ಕೆ ಸಂದ ಸಂಜೆಗಳು ನಿಜವಾದವು. ಆ ಸಂಜೆಗಳಲ್ಲಿ ಮಕ್ಕಳ ಪಾಠಕ್ಕೂ ಮುದುಕರ ಮಾತಿಗೂ ಪಾಲಿತ್ತೆಂಬುದನ್ನು ಆಟಗಾರನು ಮರೆತರೆ, ಒಂದು ನೆಲವನ್ನು ಮಟ್ಟ ಮಾಡಿ ಇನ್ನೊಂದು ಅಂಚಿನಲ್ಲಿ ಗೋಡೆ ಎಬ್ಬಿಸಿದ ತಪ್ಪನ್ನೇ ಮನೆಯಲ್ಲಿಯೂ ಮಾಡಿದಂತಾಗುತ್ತದೆ. ಸನಿಕೆಯನ್ನು ಕೆಳಗಿಡುವ ಹೊತ್ತನ್ನು ಬಲ್ಲವನೇ ಜಾಣ.

ಆದರೆ ಆ ಶ್ರಮ ವ್ಯರ್ಥವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಮೊದಲು, ಅಲ್ಲಿ ಕೊನೆಗೆ ನಡೆಯುವುದೇನೆಂಬುದನ್ನೂ ತಿಳಿದುಕೊಳ್ಳಬೇಕು.

ಆ ಲೋಕದಲ್ಲಿ ಹಳ್ಳಿಯನ್ನು ಉಳಿಸಿಕೊಳ್ಳಲು ಕಾಲಕಾಲಕ್ಕೆ ನಾಣ್ಯಗಳಲ್ಲಿ ಕಂದಾಯ ಕಟ್ಟಬೇಕು. ಆಟಗಾರರಿಗೂ ಜೀವನವಿದೆ. ಒಬ್ಬನಿಗೆ ಮದುವೆಯಾಗುತ್ತದೆ, ಒಬ್ಬನಿಗೆ ಊರು ಬದಲಾಗುತ್ತದೆ, ಇನ್ನೊಬ್ಬನಿಗೆ ಕಾಯಿಲೆ ಬರುತ್ತದೆ. ಮತ್ತೊಬ್ಬನಿಗೆ ಸುಮ್ಮನೆ ಬೇಸರ ಬರುತ್ತದೆ. ಕಂದಾಯ ನಿಲ್ಲುತ್ತದೆ. ದಿನಗಳು ಕಳೆದು ಖಜಾನೆ ಬರಿದಾದಾಗ ಹಳ್ಳಿಯ ಹೆಸರು ಅಳಿಯುತ್ತದೆ. ಆ ಬಳಿಕ ಕಾಲವು ತನ್ನ ಕೆಲಸ ಪ್ರಾರಂಭಿಸುತ್ತದೆ. ಬೇಲಿ ಶಿಥಿಲವಾಗಿ ಬೀಳುತ್ತದೆ. ಗೋಡೆಗಳು ಹಾಳಾಗುತ್ತವೆ, ಮನೆ ಕುಸಿಯುತ್ತದೆ. ಒಳಗೆ ಜೋಪಾನವಾಗಿ ಇಟ್ಟಿದ್ದ ಸಾಮಾನುಗಳೂ ಕ್ರಮೇಣ ಇಲ್ಲವಾಗುತ್ತವೆ. ಬರಿಮಣ್ಣಿನ ಮೇಲೆ ಹುಲ್ಲು ಹಬ್ಬುತ್ತದೆ. ಹುಲ್ಲಿನ ನಡುವೆ ಗಿಡ ಏಳುತ್ತದೆ. ನೋಡಿದವರು ಮೆಚ್ಚಿದ ಚಾವಣಿ, ಹೊಗಳಿದ ಗೋಪುರ, ಇವುಗಳಲ್ಲಿ ಒಂದೂ ಉಳಿಯುವುದಿಲ್ಲ.

ಉಳಿಯುವುದು ನೆಲ ಒಂದೇ. ಕಡಿದ ದಿಬ್ಬ ಮತ್ತೆ ಬೆಳೆಯುವುದಿಲ್ಲ. ತುಂಬಿದ ತಗ್ಗು ಮತ್ತೆ ಕುಸಿಯುವುದಿಲ್ಲ. ಇನ್ನೊಬ್ಬನು ಸನಿಕೆ ಹಾಕುವವರೆಗೆ ಮಟ್ಟಸವಾದದ್ದು ಮಟ್ಟಸವಾಗಿಯೇ ಇರುತ್ತದೆ. ಯಾರೂ ನಿಂತು ನೋಡದಿದ್ದ, ಹೆಂಡತಿ ಕಂಡು ನಕ್ಕಿದ್ದ, ಹೇಳಿಕೊಳ್ಳಲು ಸ್ವತಃ ಅವನಿಗೇ ನಾಚಿಕೆಯಾಗಿದ್ದ ಆ ಕೆಲಸವೇ ಅವನ ಕೆಲಸಗಳಲ್ಲೆಲ್ಲ ಬಾಳಿಕೆ ಬರುತ್ತದೆ.

ವರ್ಷಗಳು ಉರುಳಿದ ಮೇಲೆ ಆ ಗುಡ್ಡವನ್ನು ಹೊಸಬನೊಬ್ಬನು ಹತ್ತಿಬರುತ್ತಾನೆ. ಅವನ ಕೈಯಲ್ಲಿ ಹೊಸ ಸನಿಕೆ. ಕೌಶಲದ ಅಂಕಿ ಇನ್ನೂ ಕೆಳಗೆ. ಸುತ್ತಲೂ ಓರೆ, ಕಾಡು, ಬಂಡೆ. ಮರಗಳ ನಡುವೆ ಇದ್ದಕ್ಕಿದ್ದಂತೆ ಎರಡು ಮೆಟ್ಟಿಲಿನ ಒಂದು ನೆಲ ಕಾಣುತ್ತದೆ. ಕೆಳಗೆ ಐದು ಚೌಕ, ಮೇಲೆ ನಾಲ್ಕು ಚೌಕ, ನಡುವೆ ಒಂದು ಇಳಿಜಾರು. ಅದರ ಮೇಲೆ ಯಾರ ಹೆಸರೂ ಇಲ್ಲ. ಗುಡ್ಡವು ತಾನಾಗಿ ಹೀಗೆ ಮಟ್ಟಸವಾಗಲಾರದೆಂಬುದು ಮಾತ್ರ ಅವನಿಗೆ ಕೂಡಲೇ ಗೊತ್ತಾಗುತ್ತದೆ. ಅವನು ಸನಿಕೆಯನ್ನು ಬದಿಗಿಟ್ಟು, ನಾಲ್ಕು ಮರ ಕಡಿದು, ಮನೆಯ ಪಾಯಕ್ಕೆ ಗುರುತು ಹಾಕತೊಡಗುತ್ತಾನೆ. ಅವನಿಗೆ ಆ 330 ಮಂಕರಿಗಳ ಲೆಕ್ಕವನ್ನು ಹೇಳುವವರು ಅಲ್ಲಿ ಯಾರೂ ಇಲ್ಲ.